ತೂಬಿನ ಸುಳಿ ಮತ್ತು ಭೂಮಿಯ ಭ್ರಮಣೆ

ತೊಟ್ಟಿಯ ತೂಬಿನಿಂದ ಹೊರಹೋಗುವ ನೀರು ಉತ್ತರ ಗೋಳಾರ್ಧದಲ್ಲಿ ಅಪ್ರದಕ್ಷಿಣವಾಗಿಯೂ, ಎಂದರೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿಯೂ, ದಕ್ಷಿಣ ಗೋಳಾರ್ಧದಲ್ಲಿ ಪ್ರದಕ್ಷಿಣವಾಗಿಯೂ ಸುಳಿಯುತ್ತದೆಂಬ ನಂಬಿಕೆಯು ಆಶ್ರಯಿಸಿರುವ ಗಣಿತವು ಆಕಾಶವನ್ನಾಗಲಿ ಸಮುದ್ರವನ್ನಾಗಲಿ ಕುರಿತು ಹುಟ್ಟಿದ್ದಲ್ಲ. ಪ್ಯಾರಿಸ್ಸಿನ ಗಸ್ಪಾರ್ ಗುಸ್ತಾವ್ ಕೊರಿಯೊಲಿಸ್ 1835ರಲ್ಲಿ ಅದನ್ನು ಮಂಡಿಸಿದಾಗ ಅವನ ಲಕ್ಷ್ಯವಿದ್ದದ್ದು ನೀರಿನ ಗಾಲಿಯಂತಹ ತಿರುಗುವ ಯಂತ್ರಗಳ ಮೇಲೆ. ಅವನ ಹೆಸರು ಗಾಳಿಗೂ ಸಾಗರಪ್ರವಾಹಗಳಿಗೂ ಅಂಟಿಕೊಂಡದ್ದು ಬಹುಕಾಲದ ಅನಂತರ.

ತಿರುಗುವ ನೆಲದ ಮೇಲೆ ನಿಂತು ನೋಡುವವನಿಗೆ, ಚಲಿಸುವ ವಸ್ತುವು ಉತ್ತರ ಗೋಳಾರ್ಧದಲ್ಲಿ ಬಲಕ್ಕೂ ದಕ್ಷಿಣದಲ್ಲಿ ಎಡಕ್ಕೂ ವಾಲುವಂತೆ ತೋರುವುದನ್ನೇ ಕೊರಿಯೊಲಿಸ್ ಪರಿಣಾಮವೆನ್ನುತ್ತಾರೆ. ನೂರಾರು ಕಿಲೋಮೀಟರ್ ಹರಡಿ ದಿನಗಟ್ಟಲೆ ಬಾಳುವ ಬಂಗಾಳ ಕೊಲ್ಲಿಯ ಚಂಡಮಾರುತವನ್ನು ಅಪ್ರದಕ್ಷಿಣವಾಗಿ ತಿರುಗಿಸುವುದು ಇದೇ ಆದರೂ, ಸಣ್ಣ ತೊಟ್ಟಿಯೊಂದರಲ್ಲಿ ಇದರ ಪ್ರಮಾಣವು ಗುರುತ್ವದ ಸುಮಾರು ಮೂರು ಕೋಟಿಯಲ್ಲಿ ಒಂದು ಪಾಲು ಮಾತ್ರ. ನೀರು ತುಂಬುವಾಗ ಉಳಿದ ಚಲನೆ, ತೊಟ್ಟಿಯ ಓರೆ, ಬಿರಡೆ ಎಳೆದ ಕೈ, ಇವೆಲ್ಲವೂ ಇದಕ್ಕಿಂತ ಎಷ್ಟೋ ಪಾಲು ಪ್ರಬಲ.

ಹಾಗಾದರೆ ನಂಬಿಕೆಯು ಬರಿಯ ಸುಳ್ಳೇ ಎಂದರೆ, ಹಾಗೆಂದು ತಳ್ಳಿಹಾಕುವವರೂ ಅವಸರಪಡುವವರೇ. ಆಸ್ಟ್ರಿಯದ ಒಟೊಕಾರ್ ಟುಮ್ಲಿರ್ಝ್ 1908ರಲ್ಲಿಯೇ ಹೊರಹರಿಯುವ ನೀರನ್ನು ಭೂಭ್ರಮಣೆಯ ಹೊಸ ಸಾಕ್ಷ್ಯವಾಗಿ ಮುಂದಿಟ್ಟಿದ್ದನು. ಆದರೆ ಎಲ್ಲಕ್ಕಿಂತ ಸ್ಮರಣೀಯವಾದ ಪ್ರಯೋಗವು ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಆಶರ್ ಶಪೀರೊ ಅವರದು. ಅದರ ವರದಿಯು 1962ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಆರು ಅಡಿ ಅಗಲದ ದುಂಡು ತೊಟ್ಟಿಗೆ ಆರು ಅಂಗುಲ ನೀರು ತುಂಬಿ, ನಟ್ಟನಡುವೆ ಅರ್ಧ ಅಂಗುಲಕ್ಕೂ ಕಿರಿದಾದ ರಂಧ್ರವನ್ನಿರಿಸಿ, ಗಾಳಿ ತಾಕದಂತೆ ಹಾಳೆ ಹೊದಿಸಿ, 24 ಗಂಟೆ ಅಲುಗಾಡದಂತೆ ಬಿಡಲಾಯಿತು. ನೀರನ್ನು ತುಂಬುವಾಗ ಬೇಕೆಂದೇ ಪ್ರದಕ್ಷಿಣವಾಗಿ ಸುಳಿಸಲಾಗಿತ್ತು. ಹಳೆಯ ಚಲನೆಯೇನಾದರೂ ಉಳಿದಿದ್ದರೆ ಅದು ನಿರೀಕ್ಷಿತ ಫಲಕ್ಕೆ ಎದುರಾಗಿಯೇ ನಿಲ್ಲಲಿ ಎಂಬ ಈ ಎಚ್ಚರಿಕೆಯೇ ಪ್ರಯೋಗದ ಹೆಚ್ಚುಗಾರಿಕೆ. ವಾಸ್ತವವಾಗಿ, ಒಂದೆರಡು ಗಂಟೆಯಲ್ಲೇ ನೀರನ್ನು ಬಿಟ್ಟರೆ ಸುಳಿಯು ಪ್ರದಕ್ಷಿಣವಾಗಿಯೇ ಬರುತ್ತಿತ್ತು. ಇಡೀ ದಿನ ಕಾದ ಮೇಲೆ, ತೊಟ್ಟಿ ಬರಿದಾಗಲು ಹಿಡಿದ ಸುಮಾರು 20 ನಿಮಿಷಗಳಲ್ಲಿ ಮೊದಲ 12–15 ನಿಮಿಷ ನೀರಿನ ಮೇಲಿನ ತೇಲುಪಟ್ಟಿಯು ಕದಲಿದಂತೆ ಕಾಣಲಿಲ್ಲ. ಆಮೇಲೆ ಮೆಲ್ಲನೆ ಅಪ್ರದಕ್ಷಿಣವಾಗಿ ತಿರುಗತೊಡಗಿ, ಕೊನೆಯಲ್ಲಿ ಮೂರು ನಾಲ್ಕು ಸೆಕೆಂಡಿಗೊಂದು ಸುತ್ತು ಹಾಕುವಷ್ಟು ವೇಗ ಪಡೆಯಿತು. ಅಂಚಿನ ನೀರು ನಡುವಿಗೆ ಸರಿದಷ್ಟೂ, ಕೋನೀಯ ಸಂವೇಗವು, ಎಂದರೆ ಸುತ್ತುವ ಚಲನೆಯ ಮೊತ್ತವು, ಬದಲಾಗದೆ ಉಳಿಯುವುದರಿಂದ, ದಿನಕ್ಕೊಂದು ಸುತ್ತಿನ ಭೂಭ್ರಮಣೆಯು ಹೀಗೆ ಹಿಗ್ಗಿ ಕಣ್ಣಿಗೆ ಕಾಣಿಸಿತು.

ಇದೇ ಬಗೆಯ ಪ್ರಯೋಗವನ್ನು ಸಿಡ್ನಿ ವಿಶ್ವವಿದ್ಯಾಲಯದಲ್ಲಿ ನಡೆಸಿದವರು ಪ್ರದಕ್ಷಿಣ ಸುಳಿಯನ್ನು ಕಂಡು 1965ರಲ್ಲಿ ಅದೇ ಪತ್ರಿಕೆಯಲ್ಲಿ ವರದಿ ಮಾಡಿದರು. ಜನರ ಬಾಯಲ್ಲಿ ಉಳಿದದ್ದು ಸುಳಿಯ ದಿಕ್ಕು ಮಾತ್ರ. 24 ಗಂಟೆಯ ನಿಶ್ಚಲತೆಯು ಮರೆತುಹೋಯಿತು. ಕೆನ್ಯದ ನನ್ಯೂಕಿಯಲ್ಲಿ ಭೂಮಧ್ಯರೇಖೆಯ ಆಚೀಚೆ ಕೆಲವೇ ಹೆಜ್ಜೆಗಳ ಅಂತರದಲ್ಲಿ ನೀರಿನ ದಿಕ್ಕು ಬದಲಾಗುವುದನ್ನು ಇಂದಿಗೂ ಪ್ರವಾಸಿಗರಿಗೆ ತೋರಿಸುತ್ತಾರೆ. ಆ ರೇಖೆಯ ಮೇಲೆ ಈ ಪರಿಣಾಮವು ಶೂನ್ಯವಾಗಿರುವುದರಿಂದ, ಅಲ್ಲಿ ಸುಳಿಯನ್ನು ತಿರುಗಿಸುವುದು ಬೋಗುಣಿಗೆ ನೀರು ಹೊಯ್ಯುವವನ ಕೈ.