ಶಾನುಭೋಗರು ಊರಲ್ಲಿಲ್ಲ, ಸರ್ವರ್ ಡೌನ್

ಎರಡು ಮಾತು ಹೇಳ್ತೀನಿ, ಕೇಳಿ. ಮೊದಲನೆಯದು, ‘ಶಾನುಭೋಗರು ಊರಲ್ಲಿಲ್ಲ, ನಾಳೆ ಬಾ.’ ಎರಡನೆಯದು, ‘ಸರ್ವರ್ ಡೌನ್ ಇದೆ, ನಾಳೆ ಬನ್ನಿ.’ ಈ ಎರಡು ಮಾತಿನ ನಡುವೆ ಅರವತ್ತು ವರ್ಷ ಕಳೆದಿದೆ. ‘ಬಾ’ ಹೋಗಿ ‘ಬನ್ನಿ’ ಬಂದಿದೆ, ಅಷ್ಟರಮಟ್ಟಿಗೆ ಪ್ರಗತಿ. ಆದರೆ ಪಹಣಿಗಾಗಿ ಬಂದ ರೈತ ಬರಿಗೈಲಿ ಬಸ್ ಹತ್ತೋದು ಮಾತ್ರ ಪೂರ್ತಿ ನಿಂತಿಲ್ಲ.

ಈಗ ಪಂಚಾಯಿತಿಯಿಂದ ಪಾಲಿಕೆವರೆಗೆ ಎಲ್ಲರ ಬಾಯಲ್ಲೂ ಒಂದೇ ಪದ, ಕ್ಲೌಡ್. ಎಲ್ಲ ದಾಖಲೆಯನ್ನೂ ಕ್ಲೌಡ್‌ಗೆ ಹಾಕಿದರೆ ಎಲ್ಲ ಸರಿಹೋಗುತ್ತೆ ಅಂತ ಭರವಸೆ. ಹೋಗುತ್ತಾ? ಉತ್ತರ ಹುಡುಕೋಕೆ ದೂರ ಹೋಗಬೇಕಿಲ್ಲ ಸ್ವಾಮಿ. ನಮ್ಮದೇ ಪಹಣಿಯ ಚರಿತ್ರೆ ತೆಗೆದು ನೋಡಿದರೆ ಸಾಕು.

ಒಂದು ಕಾಲಕ್ಕೆ ಊರಿನ ಜಮೀನಿನ ಲೆಕ್ಕವೆಲ್ಲ ಶಾನುಭೋಗರ ಮನೆಯಲ್ಲಿತ್ತು. ಆ ಹುದ್ದೆ ವಂಶಪಾರಂಪರ್ಯ. ಯಾರ ಹೊಲ ಎಷ್ಟು ಗುಂಟೆ, ಯಾರ ಹೆಸರು ಉಳೀತು, ಯಾರದ್ದು ಹೋಯ್ತು, ಎಲ್ಲ ಒಂದು ಮನೆತನದ ಕೈಯಲ್ಲಿ. ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂದಿದ್ದು 1961ರಲ್ಲಿ, ಜಾರಿಯಾಗಿದ್ದು 1963ರ ಫೆಬ್ರವರಿ 1ರಂದು. ಶಾನುಭೋಗಿಕೆ ಹೋಯಿತು, ಸರ್ಕಾರಿ ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಹುದ್ದೆ ಬದಲಾಯಿತು, ಪುಸ್ತಕ ಬದಲಾಗಲಿಲ್ಲ. ರಾಜ್ಯದಲ್ಲಿ ಸುಮಾರು 9,000 ಗ್ರಾಮ ಲೆಕ್ಕಿಗರು, ಒಬ್ಬೊಬ್ಬರಿಗೆ ಮೂರು ನಾಲ್ಕು ಹಳ್ಳಿ. ಪಹಣಿ ಬೇಕೆಂದರೆ ಅವರನ್ನು ಹುಡುಕಿಕೊಂಡು ಹೋಗಬೇಕು. ಕೈ ಬಿಸಿ ಮಾಡದೆ ಕಾಗದ ಸಿಗದ ಊರುಗಳಿಗೆ ಬರವಿರಲಿಲ್ಲ. ತಿದ್ದುಪಡಿ ಯಾರು ಮಾಡಿದರು, ಯಾವಾಗ ಮಾಡಿದರು, ಪರಿಶೀಲಿಸೋಕೆ ಎರಡನೇ ಪ್ರತಿ ಜನರ ಕೈಗೆ ಸಿಗುತ್ತಿರಲಿಲ್ಲ.

ಕಂಪ್ಯೂಟರ್ ತಂದರೆ ಸರಿಹೋದೀತು ಅಂತ ಮೊದಲ ಪ್ರಯತ್ನ ನಡೆದಿದ್ದು 1991ರಲ್ಲಿ, ಗುಲ್ಬರ್ಗಾ ಜಿಲ್ಲೆಯಲ್ಲಿ. 1996ರ ಹೊತ್ತಿಗೆ ಎಲ್ಲ ಜಿಲ್ಲೆಗೂ ಮಂಜೂರಾತಿ ಬಂತು. ಆದರೂ ಕೆಲಸ ಹತ್ತಲಿಲ್ಲ. ಯಾಕೆ ಗೊತ್ತಾ? ಕಂಪ್ಯೂಟರ್ ಇಟ್ಟಿದ್ದು ಜಿಲ್ಲಾ ಕೇಂದ್ರದಲ್ಲಿ, ದಾಖಲೆ ದಿನಾ ಬದಲಾಗುತ್ತಿದ್ದಿದ್ದು ತಾಲ್ಲೂಕಿನಲ್ಲಿ. ಇಲ್ಲಿ ಅಪ್ಪ ತೀರಿಕೊಂಡು ಮಕ್ಕಳ ಹೆಸರಿಗೆ ಖಾತೆ ಆಗಿರುತ್ತೆ, ಅಲ್ಲಿ ಪರದೆಯ ಮೇಲೆ ಅಪ್ಪ ಇನ್ನೂ ಬದುಕಿರ್ತಾನೆ. ಯಂತ್ರ ಹೊಸದು, ಮಾಹಿತಿ ಹಳಸಿದ್ದು. ಈ ಪಾಠ ನೆನಪಿಟ್ಟುಕೊಳ್ಳಿ, ಕ್ಲೌಡ್ ವಿಷಯಕ್ಕೆ ಬಂದಾಗ ಬೇಕಾಗುತ್ತೆ.

ಆಮೇಲೆ ಬಂದಿದ್ದು ‘ಭೂಮಿ’. ಎಸ್.ಎಂ. ಕೃಷ್ಣ ಮುಖ್ಯಮಂತ್ರಿ, ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅದರ ಸಾರಥಿ. ಈ ಸಲ ಕಂಪ್ಯೂಟರನ್ನು ತಾಲ್ಲೂಕಿಗೇ ಇಳಿಸಿದರು. ಮಂಡ್ಯ ಜಿಲ್ಲೆಯ ಮದ್ದೂರಿನಲ್ಲಿ ಪ್ರಯೋಗ ಮಾಡಿ, 2002ರ ಹೊತ್ತಿಗೆ ರಾಜ್ಯದ 177 ತಾಲ್ಲೂಕು ಕೇಂದ್ರಗಳಿಗೂ ಒಯ್ದರು. 67 ಲಕ್ಷ ರೈತರ ಸುಮಾರು ಎರಡು ಕೋಟಿ ದಾಖಲೆ. 15 ರೂಪಾಯಿ ಕೊಟ್ಟು ಕಿಟಕಿಯ ಮುಂದೆ ನಿಂತರೆ ಕೈಗೆ ಪಹಣಿ. ಕೈಬರಹದ ಪಹಣಿಗೆ ಮಾನ್ಯತೆಯೇ ಇಲ್ಲ ಅಂದರು. ಕಂಪ್ಯೂಟರ್ ಮುಂದೆ ಕೂರುವ ಸಿಬ್ಬಂದಿ ಬೆರಳಚ್ಚು ಒತ್ತಬೇಕು, ‘ನಾನು ಮಾಡಿಲ್ಲ’ ಅನ್ನುವ ಹಾಗಿಲ್ಲ. ಖಾತೆ ಬದಲಾವಣೆ ಅರ್ಜಿಗಳು ಸರದಿ ಪ್ರಕಾರವೇ ಹೋಗಬೇಕು, ಮೊದಲು ಬಂದವನಿಗೆ ಮೊದಲು. ಇದು ಸಣ್ಣ ಕೆಲಸವಲ್ಲ. ನಾನು ಎಷ್ಟೇ ಸರ್ಕಾರಗಳನ್ನು ಟೀಕಿಸಿದರೂ ಇದಕ್ಕೆ ಭೇಷ್ ಅನ್ನಲೇಬೇಕು.

ಆದರೆ ನಾಣ್ಯಕ್ಕೆ ಇನ್ನೊಂದು ಮುಖವಿದೆ. 2007ರಲ್ಲಿ ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಭೂಮಿ ಯೋಜನೆಯ ಬಗ್ಗೆ ಒಂದು ಅಧ್ಯಯನ ಬರೆದರು. ಅಧಿಕಾರ ಹಳ್ಳಿಯಿಂದ ತಾಲ್ಲೂಕಿಗೆ ಜಾರಿದೆ, ದಾಖಲೆ ಒಂದೇ ಕಡೆ ಸಿಗುವುದರಿಂದ ಬೆಂಗಳೂರಿನ ಸುತ್ತಮುತ್ತ ದೊಡ್ಡ ಜಮೀನು ವ್ಯವಹಾರಸ್ಥರಿಗೆ ಅನುಕೂಲವಾಗಿದೆ ಅನ್ನೋದು ಅವರ ವಾದ. ಆ ವಾದವನ್ನು ನೀವು ಪೂರ್ತಿ ಒಪ್ಪಬೇಕಿಲ್ಲ. ಒಂದು ಮಾತನ್ನಂತೂ ತಳ್ಳಿಹಾಕೋಕೆ ಆಗಲ್ಲ. ದಾಖಲೆ ಎಲ್ಲಿಗೆ ಹೋಗುತ್ತೋ, ಅಧಿಕಾರವೂ ಅದರ ಬೆನ್ನಿಗೇ ಹೋಗುತ್ತೆ.

ಆಮೇಲೆ ದಾಖಲೆ ತಾಲ್ಲೂಕಿನಿಂದಲೂ ಹೊರಟಿತು. ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರ ಸೇರಿತು. ಪಂಚಾಯಿತಿ ಆಸ್ತಿಗಳಿಗೆ 2013ರಲ್ಲಿ ಇ-ಸ್ವತ್ತು ಬಂತು. ಕೇಂದ್ರ ಸರ್ಕಾರ 2014ರಲ್ಲಿ ತನ್ನದೇ ಕ್ಲೌಡ್ ಶುರುಮಾಡಿ ‘ಮೇಘರಾಜ್’ ಅಂತ ಹೆಸರಿಟ್ಟಿತು. ಹೆಸರು ಚೆನ್ನಾಗಿದೆ. ಆದರೆ ಕ್ಲೌಡ್ ಅಂದರೆ ಆಕಾಶದಲ್ಲಿರೋ ಮೋಡ ಅಲ್ಲ. ಅದು ಯಾವುದೋ ಊರಿನ ಯಾವುದೋ ಕಟ್ಟಡ. ಒಳಗೆ ಸಾವಿರಾರು ಕಂಪ್ಯೂಟರ್, ಹಗಲೂ ರಾತ್ರಿ ಕರೆಂಟು, ತಣ್ಣಗಿಡೋಕೆ ಯಂತ್ರಗಳು. ಪ್ರತಿ ಕಚೇರಿ ತನ್ನದೇ ಸರ್ವರ್, ತನ್ನದೇ ಯುಪಿಎಸ್ ಇಟ್ಟುಕೊಂಡು ಒದ್ದಾಡೋ ಬದಲು ಅಲ್ಲಿ ಜಾಗ ಪಡೆಯೋದು. ಜನ ಹೆಚ್ಚಾದರೆ ಹೆಚ್ಚು ಜಾಗ, ಕಡಿಮೆಯಾದರೆ ಕಡಿಮೆ. ಬಾಡಿಗೆ ಛತ್ರ ಇದ್ದ ಹಾಗೆ.

ಹಾಗಾದರೆ ಹಳೇ ಪದ್ಧತಿಯಲ್ಲೇ ಇರೋಣ ಅಂತೀರಾ? ಬೇಡ. ಹಾಗಿದ್ದವರ ಕಥೆ ಕೇಳಿ. ಅಮೆರಿಕದ ಬಾಲ್ಟಿಮೋರ್ ನಗರಾಡಳಿತ. 2019ರ ಮೇ ತಿಂಗಳಲ್ಲಿ ಅದರ ಕಂಪ್ಯೂಟರ್‌ಗಳಿಗೆ ಕಳ್ಳರು ಬೀಗ ಹಾಕಿ, ಬಿಡಿಸೋಕೆ 13 ಬಿಟ್‌ಕಾಯಿನ್ ಕೇಳಿದರು. ಆಗಿನ ಲೆಕ್ಕದಲ್ಲಿ ಸುಮಾರು 76,000 ಡಾಲರ್. ನಗರ ಕೊಡಲಿಲ್ಲ. ಆದರೆ ನಷ್ಟ 1.8 ಕೋಟಿ ಡಾಲರ್ ದಾಟಿತು. ಅದಕ್ಕಿಂತ ಮುಖ್ಯ, ಆಸ್ತಿಯ ಮೇಲೆ ಬಾಕಿ ಇದೆಯೋ ಇಲ್ಲವೋ ಅಂತ ಪಾಲಿಕೆ ಹೇಳೋಕೆ ಆಗದೆ ಮನೆ ಮಾರಾಟಗಳೇ ನಿಂತುಹೋದವು. ಅಮೆರಿಕದ ಮನೆಯೇ ಆಗಲಿ, ಮದ್ದೂರಿನ ಗದ್ದೆಯೇ ಆಗಲಿ, ಸರ್ಕಾರಿ ಕಾಗದ ಇಲ್ಲದೆ ಮಾರೋಕಾಗಲ್ಲ.

ಸರಿ, ಎಲ್ಲವನ್ನೂ ಒಂದು ಭದ್ರ ಕಟ್ಟಡಕ್ಕೆ ಸಾಗಿಸಿಬಿಟ್ಟರೆ? ಅದನ್ನು ಮಾಡಿದವರ ಕಥೆಯೂ ಇದೆ. ತಂತ್ರಜ್ಞಾನದಲ್ಲಿ ನಮಗಿಂತ ಬಹಳ ಮುಂದಿರುವ ದಕ್ಷಿಣ ಕೊರಿಯಾ. 2025ರ ಸೆಪ್ಟೆಂಬರ್ 26ರಂದು ಡೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ ಬ್ಯಾಟರಿ ಸ್ಥಳಾಂತರಿಸುವಾಗ ಬೆಂಕಿ ಹತ್ತಿಕೊಂಡಿತು. 709 ಸರ್ಕಾರಿ ವ್ಯವಸ್ಥೆಗಳು ಒಟ್ಟಿಗೆ ನಿಂತವು. ಸರ್ಕಾರಿ ನೌಕರರು ಕಡತ ಇಟ್ಟುಕೊಳ್ಳುತ್ತಿದ್ದ ಜಿ-ಡ್ರೈವ್ ಅನ್ನುವ ಕ್ಲೌಡ್ ಸುಟ್ಟು ಬೂದಿಯಾಯಿತು. 858 ಟೆರಾಬೈಟ್. ಹೊರಗೆ ಎಲ್ಲೂ ಎರಡನೇ ಪ್ರತಿ ಇರಲಿಲ್ಲ. ಗಾತ್ರ ಬಹಳ ದೊಡ್ಡದು, ಪ್ರತಿ ಇಡೋಕಾಗಲಿಲ್ಲ ಅಂತ ಸಮಜಾಯಿಷಿ ಬಂತು. ಶಾನುಭೋಗರ ಮನೆಗೆ ಬೆಂಕಿ ಬಿದ್ದರೆ ಒಂದೂರಿನ ಲೆಕ್ಕ ಹೋಗುತ್ತಿತ್ತು. ಇಲ್ಲಿ ಹೋಗಿದ್ದು ದೇಶದ ಕಡತ.

ಬೆಂಕಿಯೇ ಬೀಳಬೇಕು ಅಂತಿಲ್ಲ. ನಮ್ಮ ನೋಂದಣಿ ಇಲಾಖೆ 2023ರಲ್ಲಿ ಕಾವೇರಿ 2.0 ತಂದಿತು. 2025ರ ಆರಂಭದಲ್ಲಿ ಯಾರೋ ದುರುದ್ದೇಶದಿಂದ ಅದರ ಮೇಲೆ ನಕಲಿ ಕೋರಿಕೆಗಳ ಮಳೆ ಸುರಿಸಿದರು. ಬಾಗಿಲಲ್ಲಿ ನಕಲಿ ಜನ ಕಿಕ್ಕಿರಿದರೆ ಅಸಲಿ ಜನ ಒಳಗೆ ಬರೋದು ಹೇಗೆ? ರಾಜ್ಯದುದ್ದಕ್ಕೂ ಉಪನೋಂದಣಿ ಕಚೇರಿಗಳು ಪರದಾಡಿದವು, ಸೈಬರ್ ಪೊಲೀಸರಿಗೆ ದೂರು ಹೋಯಿತು. ಮಗಳ ಮದುವೆಗೆ ಸೈಟು ಮಾರೋಕೆ ಬಂದ ಅಪ್ಪನಿಗೆ ಈ ತಾಂತ್ರಿಕ ಕಾರಣ ಏನು ಗೊತ್ತಾಗಬೇಕು? ಅವನಿಗೆ ಕೇಳಿಸಿದ್ದು ಒಂದೇ, ‘ಸರ್ವರ್ ಇಲ್ಲ.’

ಈಗ ನನ್ನ ಮುಖ್ಯ ಪ್ರಶ್ನೆಗೆ ಬರ್ತೀನಿ. ಕರ್ನಾಟಕದಲ್ಲಿ ‘ಸಕಾಲ’ ಅನ್ನೋ ಕಾಯ್ದೆ ಇದೆ. 2011ರ ಕಾಯ್ದೆ. ನಿಗದಿತ ದಿನದೊಳಗೆ ಸೇವೆ ಕೊಡದಿದ್ದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ ಕೇಳೋ ಹಕ್ಕು ನಿಮಗಿದೆ. ಒಳ್ಳೇ ಕಾಯ್ದೆ. ಆದರೆ ಆ ದಿನಗಳ ಲೆಕ್ಕ ಶುರುವಾಗೋದು ಅರ್ಜಿಗೆ ಸಂಖ್ಯೆ ಬಿದ್ದ ಮೇಲೆ. ಸಂಖ್ಯೆ ಹುಟ್ಟೋದು ಕಂಪ್ಯೂಟರಿನಲ್ಲಿ. ಕಂಪ್ಯೂಟರೇ ನಿಂತಿದ್ದರೆ? ಸಂಖ್ಯೆ ಇಲ್ಲ. ಸಂಖ್ಯೆ ಇಲ್ಲದಿದ್ದರೆ ಅರ್ಜಿಯೇ ಇಲ್ಲ. ಅರ್ಜಿ ಇಲ್ಲದಿದ್ದರೆ ವಿಳಂಬವೂ ಇಲ್ಲ! ಅಂದರೆ ಕೂಲಿ ಬಿಟ್ಟು, ಬಸ್ ಚಾರ್ಜು ಕೊಟ್ಟು ಬಂದವನು ಸರ್ಕಾರದ ಲೆಕ್ಕದಲ್ಲಿ ಬಂದೇ ಇಲ್ಲ.

ಊರಲ್ಲಿಲ್ಲದ ಶಾನುಭೋಗರ ಮನೆ ಮುಂದೆ ಕಾದವನದ್ದೂ ಇದೇ ಸ್ಥಿತಿ. ಅವನು ಬಂದುಹೋಗಿದ್ದಕ್ಕೂ ದಾಖಲೆ ಇರಲಿಲ್ಲ.

ಅದಕ್ಕೇ ಹೇಳ್ತೀನಿ. ಕ್ಲೌಡ್ ಬರಲಿ, ಬರಲೇಬೇಕು. ಆದರೆ ಟೆಂಡರ್ ಕರೆಯುವಾಗಲೇ ನಾಲ್ಕು ಮಾತು ಬರೆದಿಡಿ. ಸರ್ವರ್ ನಿಂತ ಹೊತ್ತಲ್ಲಿ ಬಂದವನಿಗೆ ಕೈಬರಹದಲ್ಲಾದರೂ ದಿನಾಂಕ ಹಾಕಿದ ಚೀಟಿ ಕೊಡಬೇಕು, ಸಕಾಲದ ದಿನ ಆ ಚೀಟಿಯಿಂದಲೇ ಎಣಿಕೆಯಾಗಬೇಕು. ಯಾವ ಕಚೇರಿಯಲ್ಲಿ ಎಷ್ಟು ಗಂಟೆ ಸರ್ವರ್ ನಿಂತಿತ್ತು ಅಂತ ಪ್ರತಿ ತಿಂಗಳು ಬೋರ್ಡಿನ ಮೇಲೆ ಹಾಕಬೇಕು. ದಾಖಲೆಯ ಎರಡನೇ ಪ್ರತಿ ಬೇರೆ ಊರಲ್ಲಿರಬೇಕು, ಅದನ್ನು ತೆರೆದು ನೋಡಿ ಪರೀಕ್ಷೆ ಮಾಡಿರಬೇಕು. ಕೊನೆಯದಾಗಿ, ಹೆಸರಿನಲ್ಲಿ ಒಂದು ಅಕ್ಷರ ತಪ್ಪಾದರೆ ತಿದ್ದಿಸೋಕೆ ರೈತ ಬೆಂಗಳೂರಿನ ಕಡೆ ಮುಖ ಮಾಡಬಾರದು. ತಿದ್ದುವ ಅಧಿಕಾರ ಅವನಿಗೆ ಹತ್ತಿರದಲ್ಲೇ ಇರಬೇಕು. ಗುಲ್ಬರ್ಗಾದ ಪಾಠ ಅದೇ ಅಲ್ವಾ?

ಇದಕ್ಕೆಲ್ಲ ಕೋಟಿಗಟ್ಟಲೆ ದುಡ್ಡು ಬೇಡ. ಮೊದಲನೆಯದಕ್ಕಂತೂ ಒಂದು ರಸೀದಿ ಪುಸ್ತಕ, ಒಂದು ಪೆನ್ನು ಸಾಕು. ಮುಂದಿನ ಸಲ ಕಿಟಕಿಯ ಆಚೆಯಿಂದ ‘ಸರ್ವರ್ ಡೌನ್’ ಅಂದಾಗ ಸುಮ್ಮನೆ ತಿರುಗಿ ಬರಬೇಡಿ. ‘ನಾನು ಬಂದಿದ್ದೆ ಅಂತ ಬರೆದುಕೊಡಿ’ ಅಂತ ಕೇಳಿ. ಕೊಡದಿದ್ದರೆ, ಯಾಕೆ ಕೊಡಲ್ಲ ಅಂತ ಕೇಳಿ.