ಲಿನಕ್ಸ್‌ನಲ್ಲಿ ಕನ್ನಡದ ಬರವಣಿಗೆ



ನಮ್ಮ ಹುನ್ನೂರಿಗೆ ಸಮೀಪದ ಜಮಖಂಡಿಯಲ್ಲಿ ಪಟವರ್ಧನರ ಸಂಸ್ಥಾನವಿದ್ದ ಕಾಲದ ಮೋಡಿ ಲಿಪಿಯ ಕಾಗದಗಳನ್ನು ಓದಬಲ್ಲವರು ಇಂದು ವಿರಳ. ಲಿಪಿಯ ಅರಿವು ಅಳಿದರೆ ಬರಹ ಮೂಕವಾಗುತ್ತದೆ. ಗಣಕಯಂತ್ರದ ಕನ್ನಡಕ್ಕೂ ಇಂಥದೇ ಭಯ ಒದಗಿತ್ತು.

1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’, ಅನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದವು. ಅವುಗಳ ಉಪಕಾರ ದೊಡ್ಡದು. ಆದರೆ ಅವು ವಿಂಡೋಸ್‌ಗಾಗಿ ರಚಿತವಾದವು. ಅಂದಿನ ಫಾಂಟುಗಳಲ್ಲಿ ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಲಾಗಿತ್ತು. ಆ ಫಾಂಟು ಇಲ್ಲದ ಲಿನಕ್ಸ್ ಯಂತ್ರದಲ್ಲಿ, ಜಿಎಡಿಟ್‌ನಂಥ ಸರಳ ಪಠ್ಯ ಸಂಪಾದಕದಲ್ಲಿ ಕಡತ ತೆರೆದರೆ ಅರ್ಥವಿಲ್ಲದ ಅಕ್ಷರಗಳೇ ಕಾಣುತ್ತಿದ್ದವು.

ಇದಕ್ಕೆ ಪರಿಹಾರ ಯುನಿಕೋಡ್. ಲಿನಕ್ಸ್ ಹುಟ್ಟಿದ 1991ರಲ್ಲಿಯೇ ಅದರ ಮೊದಲ ಆವೃತ್ತಿ ಹೊರಬಂದು, ಕನ್ನಡದ ಅಕ್ಷರಗಳಿಗೆ ಸ್ವಂತ ಸಂಖ್ಯೆಗಳು ದೊರೆತವು. ‘ಕ’ಕಾರದ ಸಂಖ್ಯೆ 3221, ಯಾವ ಫಾಂಟಿನಲ್ಲಿಯೂ ಅದು ಬದಲಾಗದು.

ಕೆ.ಪಿ. ರಾವ್ ರೂಪಿಸಿದ ಕೀಲಿಮಣೆಯ ವಿನ್ಯಾಸವು, ಗಣಕ ಪರಿಷತ್ತಿನ ‘ಕಗಪ’ ಎಂಬ ಹೆಸರಿನಲ್ಲಿ ಇಂದು ಲಿನಕ್ಸ್‌ನೊಳಗೇ ಇದೆ. ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಿದರೆ ‘ಕನ್ನಡ’ ಮೂಡುತ್ತದೆ. ಒತ್ತಕ್ಷರವನ್ನು ಕೂಡಿಸುವುದು ಎಫ್ ಕೀಲಿ.

2022ರಲ್ಲಿ ಗ್ನೋಮ್ ಡೆಸ್ಕ್‌ಟಾಪ್ ಜಿಎಡಿಟ್‌ನ ಬದಲು ಹೊಸ ಸಂಪಾದಕವನ್ನು ತಂದಿತು. ಹಳೆಯ ಯುನಿಕೋಡ್ ಕಡತಗಳು ಅದರಲ್ಲಿಯೂ ಹಾಗೆಯೇ ತೆರೆಯುತ್ತವೆ. ಸಾಧನ ಬದಲಾದರೂ ಬರಹ ಉಳಿಯಿತು.

ನಾನು ಹೇಳುವುದಿಷ್ಟೇ: ಮನೆಯಲ್ಲಿ ಹಿರಿಯರು ಹಳೆಯ ಫಾಂಟುಗಳಲ್ಲಿ ಬರೆದಿಟ್ಟ ಕಡತಗಳಿದ್ದರೆ ಈಗಲೇ ಯುನಿಕೋಡಿಗೆ ಪರಿವರ್ತಿಸಿಡಿರಿ. ಅವನ್ನು ಮೊಮ್ಮಕ್ಕಳೂ ಓದುವಂತಾಗಲಿ.