ಅಳಿಸದೆ ಬರೆದ ಲೆಕ್ಕ: ಏಕಸಂಬಿ ಸೀಮೆಯ ಕಡತಗಳ ಚರಿತ್ರೆ

ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯಲು ಕೂತ ಹೊಸಬರ ಪ್ರಶ್ನೆಗಳು ಬಹುಪಾಲು ಒಂದೇ ಬಗೆಯವು. ಫೈಲ್ ತೆರೆದ ಕೂಡಲೇ ಒಳಗಿದ್ದದ್ದೆಲ್ಲ ಯಾಕೆ ಹೋಯಿತು? ಕನ್ನಡದಲ್ಲಿ ಬರೆದಿಟ್ಟ ಹೆಸರು ಯಾಕೆ ಗುರುತು ಹತ್ತದ ಚಿಹ್ನೆಗಳಾಗಿ ಕಾಣುತ್ತಿದೆ? ಎರಡು ಪಟ್ಟಿಗಳನ್ನು ಕೂಡಿಸಿದರೆ ಸಾಲಿಗೆ ಸಾಲು ಯಾಕೆ ಹೊಂದುವುದಿಲ್ಲ? ಅಂಕಿಯಾಗಿ ಬರೆದದ್ದು ತಾರೀಖಾಗಿ ಹೇಗೆ ಬದಲಾಯಿತು? ಕಲಿಸುವ ಪುಸ್ತಕಗಳು ಇವನ್ನೆಲ್ಲ ಕಂಪ್ಯೂಟರಿನ ಜೊತೆಗೇ ಹುಟ್ಟಿದ ತೊಡಕುಗಳೆಂದು ಎಣಿಸಿ ಉತ್ತರ ಕೊಡುತ್ತವೆ. ಚಿಕ್ಕೋಡಿ ತಾಲ್ಲೂಕಿನ ಏಕಸಂಬಿ ಮತ್ತು ಅದರ ಸುತ್ತಲಿನ ಹಳ್ಳಿಗಳ ಭೂಮಿ ಲೆಕ್ಕದ ಚರಿತ್ರೆಯನ್ನು ಹಿಡಿದು ನೋಡಿದರೆ ಈ ಮಾತು ನಿಲ್ಲುವುದಿಲ್ಲ. ಇದೇ ಪ್ರಶ್ನೆಗಳು ಕಲ್ಲಿನ ಮುಂದೆ, ರುಮಾಲಿನ ಗಂಟಿನ ಮುಂದೆ, ತಲಾಟಿಯ ಚಾವಡಿಯಲ್ಲಿ ಎದ್ದಿದ್ದವು. ಪ್ರತಿಸಲವೂ ಅವುಗಳ ಹಿಂದೆ ಯಾರದೋ ಹೊಲದ ಹಕ್ಕು ಇತ್ತು. ಹಳೆಯದನ್ನು ಅಳಿಸದೆ ಹೊಸದನ್ನು ಬರೆಯುವ ರೀತಿಯನ್ನು ಈ ಸೀಮೆ ಬಹಳ ಕಷ್ಟಪಟ್ಟು ಕಲಿತಿದೆ ಎಂಬುದು ನನ್ನ ವಾದ.

ದೂಧಗಂಗೆಯ ಆಸುಪಾಸಿನಲ್ಲಿ, ಕೊಲ್ಹಾಪುರ ಜಿಲ್ಲೆಯ ಗಡಿಗೆ ತಾಗಿದಂತೆ ಇರುವ ಈ ಊರಿನ ಮಹತ್ವದ ಹಳೆಯ ದಾಖಲೆ 1165ನೆಯ ಇಸವಿಯ ಒಂದು ಶಾಸನ. ಕೊಲ್ಹಾಪುರದ ಶಿಲಾಹಾರ ದೊರೆ ವಿಜಯಾದಿತ್ಯನ ದಂಡನಾಯಕ ಕಾಲಣ ಇಲ್ಲಿ ನೇಮಿನಾಥ ಬಸದಿ ಕಟ್ಟಿಸಿದ್ದನ್ನೂ, ರಟ್ಟರ ಕಾರ್ತವೀರ್ಯ ಅದರ ಕೀರ್ತಿ ಕೇಳಿ ಬಂದು ದತ್ತಿ ಬಿಟ್ಟದ್ದನ್ನೂ, ಜೈನರ ಯಾಪನೀಯ ಸಂಘದ ವಿಜಯಕೀರ್ತಿ ಮುನಿಗಳು ಅದನ್ನು ಸ್ವೀಕರಿಸಿದ್ದನ್ನೂ ಅದು ಹೇಳುತ್ತದೆ. ಯಾಪನೀಯರ ಚರಿತ್ರೆಗೆ ಈ ಶಾಸನವನ್ನು ಸಾಕ್ಷ್ಯವಾಗಿ ಬಳಸಿಕೊಂಡ ವಿದ್ವಾಂಸ ಆ. ನೇ. ಉಪಾಧ್ಯೆಯವರು 1906ರಲ್ಲಿ ಹುಟ್ಟಿದ್ದು ಪಕ್ಕದ ಸದಲಗಾದಲ್ಲಿ. ಪ್ರಾಕೃತ ಗ್ರಂಥಗಳನ್ನು ಸಂಪಾದಿಸುವಾಗ ಪಾಠಾಂತರಗಳನ್ನು ಅಡಿಯಲ್ಲಿ ಉಳಿಸಿಕೊಳ್ಳುವ ಶಿಸ್ತಿಗೆ ಹೆಸರಾದವರು ಅವರು. ಶಾಸನವನ್ನು ಕಡತ ಎನ್ನಬಹುದೇ, ಅದು ದೊರೆಯ ಹೊಗಳಿಕೆಯಲ್ಲವೇ ಎಂದು ಕೇಳುವವರಿದ್ದಾರೆ. ಶಾಸನಗಳ ಮೊದಲ ಭಾಗದಲ್ಲಿ ಹೊಗಳಿಕೆ ತುಂಬಿರುವುದು ನಿಜ. ಆದರೆ ದತ್ತಿಯ ಭಾಗಕ್ಕೆ ಬಂದ ಕೂಡಲೇ ಕವಿ ಹಿಂದೆ ಸರಿದು ಕರಣಿಕ ಮುಂದೆ ಬರುತ್ತಾನೆ: ಕೊಟ್ಟವರು ಯಾರು, ಪಡೆದವರು ಯಾರು, ಯಾವ ಕಾರ್ಯಕ್ಕೆ, ಯಾವ ತಿಥಿಯಂದು, ಭೂಮಿ ಎಷ್ಟು, ಯಾವ ಅಳತೆಗೋಲಿನಲ್ಲಿ, ಯಾವ ಯಾವ ದಿಕ್ಕಿಗೆ ಏನಿದೆ. ಇಂದಿನ ಪಟ್ಟಿಯೊಂದರ ಕಾಲಂಗಳೆಲ್ಲ ಇದರಲ್ಲಿವೆ. ಕಲ್ಲಿನ ಬಲವೆಂದರೆ ಕದ್ದು ತಿದ್ದುವುದು ಕಷ್ಟ. ಮುಂದೆ ಬಂದ ದತ್ತಿಯನ್ನು ಕೆಳಗೆ ಹೊಸ ಸಾಲಾಗಿ ಕೊರೆಯಬೇಕೇ ಹೊರತು ಮೇಲಿನದನ್ನು ಕೆತ್ತಿ ತೆಗೆಯುವಂತಿಲ್ಲ. ದೌರ್ಬಲ್ಯವೂ ಅಷ್ಟೇ ದೊಡ್ಡದು: ಪ್ರತಿ ಒಂದೇ, ಇರುವ ಜಾಗ ಒಂದೇ, ಹೊಲ ಕೈ ಬದಲಾದದ್ದು ಅದಕ್ಕೆ ತಿಳಿಯುವುದಿಲ್ಲ. ಇನ್ನು ಸಾಗಿಸಲು ಸುಲಭವಾದ ತಾಮ್ರಪಟಗಳಲ್ಲಿ ಖೊಟ್ಟಿ ಪ್ರತಿಗಳೂ ಹುಟ್ಟಿಕೊಂಡವು; ರಟ್ಟರ ಶಾಸನಗಳನ್ನು ಓದಿ ಪ್ರಕಟಿಸಿದ ಜೆ. ಎಫ್. ಫ್ಲೀಟ್ ಅಂಥ ಖೊಟ್ಟಿ ದಾಖಲೆಗಳನ್ನು ಗುರುತಿಸಲೂ ಸಾಕಷ್ಟು ದುಡಿಯಬೇಕಾಯಿತು.

ಮರಾಠರ ಆಳ್ವಿಕೆಯ ಹೊತ್ತಿಗೆ ಲೆಕ್ಕ ಕಲ್ಲಿನಿಂದ ಕಾಗದಕ್ಕೆ ಇಳಿದಿತ್ತು. ಹಳ್ಳಿಯ ಲೆಕ್ಕಿಗನಾದ ಕುಲಕರ್ಣಿ, ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯಲ್ಲಿ ವರ್ಷವರ್ಷದ ಜಮೆ, ಬಾಕಿ, ಸಾಗುವಳಿದಾರರ ಹೆಸರುಗಳನ್ನು ಬರೆದು, ಬಟ್ಟೆಯಲ್ಲಿ ಸುತ್ತಿ, ರುಮಾಲು ಕಟ್ಟಿ ಮನೆಯಲ್ಲಿಡುತ್ತಿದ್ದ. ಕಲ್ಲಿಗೆ ಇಲ್ಲದ ಗುಣವೊಂದು ಇದಕ್ಕೆ ಬಂತು: ಲೆಕ್ಕ ವರ್ಷಕ್ಕೊಮ್ಮೆ ಹೊಸದಾಗುತ್ತಿತ್ತು. ಕಲ್ಲಿಗಿದ್ದ ಗುಣವೊಂದು ಹೋಯಿತು: ಅದು ಎಲ್ಲರ ಕಣ್ಣೆದುರಿಗೆ ಇರಲಿಲ್ಲ. ಬರೆಯುವವನು ಅವನೇ, ಓದುವವನು ಅವನೇ, ಇಟ್ಟುಕೊಳ್ಳುವವನೂ ಅವನೇ, ಅದೂ ವಂಶಪಾರಂಪರ್ಯವಾಗಿ. ಹಳ್ಳಿಯ ಕಡತವನ್ನು ಹೊಗಳುವುದೆಂದರೆ ಈ ಏಕಸ್ವಾಮ್ಯವನ್ನು ಹೊಗಳಿದಂತೆ ಎಂಬ ಆಕ್ಷೇಪ ಗಟ್ಟಿಯಾದದ್ದು. ಅದನ್ನು ನಾನು ಪೂರ್ತಿ ಒಪ್ಪುತ್ತೇನೆ. ಜೋತಿರಾವ್ ಫುಲೆ ಈ ವ್ಯವಸ್ಥೆಯ ಮೇಲೆ ಬರೆದ ಟೀಕೆ ಸುಮ್ಮನೆ ಹುಟ್ಟಿದ್ದಲ್ಲ. ಕೊಲ್ಹಾಪುರದ ಶಾಹೂ ಮಹಾರಾಜರು 1918ರಲ್ಲಿ ತಮ್ಮ ಸಂಸ್ಥಾನದಲ್ಲಿ ಕುಲಕರ್ಣಿ ವತನವನ್ನೇ ರದ್ದುಮಾಡಿ ಸಂಬಳದ ತಲಾಟಿಗಳನ್ನು ನೇಮಿಸಿದರು. ಅಂದು ಕೊಲ್ಹಾಪುರಕ್ಕೆ ಸೇರಿದ್ದ ರಾಯಬಾಗ ಸೀಮೆಗೆ ಈ ಬದಲಾವಣೆ ಬೇಗ ಬಂತು. ಬ್ರಿಟಿಷರ ಮುಂಬಯಿ ಪ್ರಾಂತದಲ್ಲಿದ್ದ ಚಿಕ್ಕೋಡಿ ತಾಲ್ಲೂಕು 1950ರ ಪರಗಣಾ ಮತ್ತು ಕುಲಕರ್ಣಿ ವತನ ರದ್ದತಿ ಕಾಯ್ದೆಯವರೆಗೆ ಕಾಯಬೇಕಾಯಿತು. ಮೂವತ್ತಕ್ಕೂ ಹೆಚ್ಚು ವರ್ಷಗಳ ಈ ಅಂತರ ಸಣ್ಣದಲ್ಲ. ಫೈಲನ್ನು ಓದುವ ಅನುಮತಿ ಯಾರಿಗೆ, ಬರೆಯುವ ಅನುಮತಿ ಯಾರಿಗೆ ಎಂದು ಇಂದು ಕಂಪ್ಯೂಟರಿನಲ್ಲಿ ಬೇರೆಬೇರೆಯಾಗಿ ನಿಗದಿ ಮಾಡುತ್ತೇವೆ. ಆ ಎರಡನ್ನೂ ಒಂದೇ ಮನೆತನದ ಕೈಯಿಂದ ಬಿಡಿಸುವುದಕ್ಕೆ ಇಲ್ಲಿ ಒಂದು ದೊಡ್ಡ ಸಾಮಾಜಿಕ ಹೋರಾಟವೇ ಬೇಕಾಯಿತು.

ಬ್ರಿಟಿಷರು ತಂದ ಬದಲಾವಣೆಗಳಲ್ಲಿ ಒಳ್ಳೆಯದೂ ಕೆಟ್ಟದ್ದೂ ಜೊತೆಯಾಗಿ ಬಂದವು. ದಕ್ಷಿಣ ಮರಾಠಾ ಸೀಮೆಯಲ್ಲಿ 1843ರಲ್ಲಿ ಶುರುವಾದ ಇನಾಮು ತನಿಖೆಗೆ 1852ರಲ್ಲಿ ಕಾಯ್ದೆಯ ಬಲ ಸಿಕ್ಕಿತು. ಕಾಗದ ತೋರಿಸಲಾಗದವರ ಇನಾಮು ಭೂಮಿಗೆ ಕುತ್ತು ಬಂತು. ತಲೆಮಾರುಗಳ ಅನುಭೋಗಕ್ಕಿಂತ ಒಂದು ಹಾಳೆ ಹೆಚ್ಚಿನ ಸಾಕ್ಷಿಯಾಯಿತು. ಇನ್ನೊಂದು ಕಡೆ, 1835ರಲ್ಲಿ ಇಂದಾಪುರದಲ್ಲಿ ಹುಟ್ಟಿ, 1847ರಲ್ಲಿ ಗೋಲ್ಡ್‌ಸ್ಮಿಡ್, ವಿಂಗೇಟ್, ಡೇವಿಡ್‌ಸನ್ ಬರೆದ ಜಂಟಿ ವರದಿಯಿಂದ ರೂಪ ಪಡೆದ ಮುಂಬಯಿ ಸರ್ವೆ ಪದ್ಧತಿ ಪ್ರತಿ ಹೊಲಕ್ಕೂ ಒಂದು ನಂಬರು ಕೊಟ್ಟಿತು, ಬಾಂದಿಗೆ ಕಲ್ಲು ನೆಟ್ಟಿತು. ಅಲ್ಲಿಯವರೆಗೆ ಹೊಲಗಳನ್ನು ಹೆಸರಿನಿಂದ ಕರೆಯುತ್ತಿದ್ದರು. ಹೆಸರು ಬಾಯಿಂದ ಬಾಯಿಗೆ ಬದಲಾಗುತ್ತದೆ, ನಂಬರು ಬದಲಾಗುವುದಿಲ್ಲ. ಎರಡು ಪಟ್ಟಿ ಕೂಡಿಸುವಾಗ ಹೆಸರನ್ನು ನಂಬಬೇಡ, ಬದಲಾಗದ ಗುರುತನ್ನು ಹಿಡಿ ಎಂದು ಪೈಥಾನ್ ಕಲಿಸುವವರು ಹೇಳುವುದು ಇದನ್ನೇ. ಒಂದೇ ಊರನ್ನು ಒಂದು ಪಟ್ಟಿ ಏಕಸಂಬಿ ಎಂದೂ ಇನ್ನೊಂದು ಎಕ್ಸಂಬಾ ಎಂದೂ ಬರೆದಿದ್ದರೆ ಕಂಪ್ಯೂಟರ್ ಅವನ್ನು ಎರಡು ಊರೆಂದೇ ಎಣಿಸುತ್ತದೆ.

ಈ ಚರಿತ್ರೆಯ ತಿರುಳು ಇರುವುದು 1903ರ ಮುಂಬಯಿ ಹಕ್ಕುದಾಖಲೆ ಕಾಯ್ದೆಯಲ್ಲಿ. ಸರ್ವೆ ನಂಬರು ಭೂಮಿಯನ್ನು ಗುರುತಿಸಿತ್ತು, ಹಕ್ಕನ್ನಲ್ಲ. ವಾಟ್ನಿ (ಪಾಲು) ಆದಾಗ, ಮಾರಾಟವಾದಾಗ, ಅಪ್ಪ ತೀರಿಕೊಂಡು ಮಕ್ಕಳ ಹೆಸರು ಏರಬೇಕಾದಾಗ ಏನು ಮಾಡಬೇಕು? ಹಳೆಯ ಹೆಸರನ್ನು ಕೆರೆದು ಹೊಸದನ್ನು ಬರೆಯುವುದು ಸುಲಭದ ದಾರಿ. ಕಾಯ್ದೆ ಬೇರೆ ದಾರಿ ಹಿಡಿಯಿತು. ಬದಲಾವಣೆಗೇ ಒಂದು ಪ್ರತ್ಯೇಕ ರಜಿಸ್ಟರ್ ಇಟ್ಟಿತು. ಈ ಭಾಗದಲ್ಲಿ ಜನ ಅದನ್ನು ಡೈರಿ ಎನ್ನುತ್ತಾರೆ. ವರ್ದಿ ಕೊಟ್ಟ ಮೇಲೆ ಅದು ಕ್ರಮಸಂಖ್ಯೆಯೊಂದಿಗೆ ಡೈರಿಯ ಕೊನೆಗೆ ಏರುತ್ತದೆ, ಸಂಬಂಧಪಟ್ಟವರಿಗೆ ನೋಟಿಸ್ ಹೋಗುತ್ತದೆ, ತಕರಾರು ಬಂದರೆ ಅದಕ್ಕೆ ಬೇರೆ ರಜಿಸ್ಟರ್, ಮೇಲಧಿಕಾರಿ ಮಂಜೂರು ಮಾಡಿದ ಮೇಲಷ್ಟೇ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಹೆಸರು ಬದಲಾಗುತ್ತದೆ. ಆಗಲೂ ಉತಾರದಲ್ಲಿ ಡೈರಿ ನಂಬರು ನಮೂದಾಗುತ್ತದೆ. ಅದನ್ನು ಹಿಡಿದು ಹಿಂದೆ ಹೋದರೆ ಈ ಹೆಸರು ಯಾವ ಆಧಾರದ ಮೇಲೆ ಬಂತು, ಅದಕ್ಕೆ ಮೊದಲು ಯಾರಿದ್ದರು ಎಂಬುದು ಒಂದೊಂದಾಗಿ ಸಿಗುತ್ತದೆ. ಪೈಥಾನಿನಲ್ಲಿ ಫೈಲನ್ನು ‘ಡಬ್ಲ್ಯೂ’ ಎಂಬ ಬಗೆಯಲ್ಲಿ ತೆರೆದರೆ ಒಂದಕ್ಷರ ಬರೆಯುವ ಮೊದಲೇ, ತೆರೆದ ಕ್ಷಣಕ್ಕೇ, ಒಳಗಿನದೆಲ್ಲ ಅಳಿದುಹೋಗುತ್ತದೆ. ‘ಎ’ ಎಂಬ ಬಗೆಯಲ್ಲಿ ತೆರೆದರೆ ಹಳೆಯದು ಉಳಿದು ಹೊಸದು ಕೊನೆಗೆ ಸೇರುತ್ತದೆ. ಡೈರಿ ಎರಡನೆಯ ಬಗೆಯದು. ವ್ಯತ್ಯಾಸವನ್ನು ಒಂದು ಅಕ್ಷರದ ನಿಯಮವಾಗಿ ಕಲಿತವರು ಅದನ್ನು ಮರೆಯಬಹುದು. ತಂಗಿಯ ಪಾಲು ಉತಾರದಿಂದ ಸದ್ದಿಲ್ಲದೆ ಹೋದರೆ ಏನಾಗುತ್ತದೆ ಎಂದು ಬಲ್ಲವರು ಮರೆಯಲಾರರು. ಇಂದಿನ ಕರ್ನಾಟಕ ಭೂಕಂದಾಯ ಕಾಯ್ದೆಯ 133ನೇ ಕಲಂ ಪ್ರಕಾರ ಹಕ್ಕುದಾಖಲೆಯ ನಮೂದನ್ನು, ತಪ್ಪೆಂದು ರುಜುವಾಗುವ ತನಕ, ನಿಜವೆಂದೇ ಭಾವಿಸಬೇಕು. ಅಂಥ ಬಲವಿರುವ ನಮೂದಿಗೆ ಹಿಂದಿನ ಜಾಡು ಇಲ್ಲದಿದ್ದರೆ ತಪ್ಪೆಂದು ರುಜು ಮಾಡುವುದು ಹೇಗೆ?

ಅಳತೆಯ ವಿಷಯವನ್ನೂ ಇಲ್ಲೇ ಹೇಳಬೇಕು. 40 ಗುಂಟೆಗೆ 1 ಎಕರೆ. ಉತಾರದಲ್ಲಿ 2-30 ಎಂದರೆ 2 ಎಕರೆ 30 ಗುಂಟೆ. ಇದನ್ನು ದಶಮಾಂಶವೆಂದು ತಿಳಿದು 2.30 ಮತ್ತು 1.20ನ್ನು ಕೂಡಿಸಿದ ಹೊಸ ಪ್ರೋಗ್ರಾಮರ್‌ಗೆ 3.50 ಸಿಗುತ್ತದೆ, ಹೊಲದಲ್ಲಿರುವುದು 4 ಎಕರೆ 10 ಗುಂಟೆ. ಎಲ್ಲವನ್ನೂ ಗುಂಟೆಗೆ ಇಳಿಸಿ, 110ಕ್ಕೆ 60 ಕೂಡಿಸಿ, 170ನ್ನು 40ರಿಂದ ಭಾಗಿಸುವುದು ಸರಿಯಾದ ಕ್ರಮ. ಆಕಾರದ, ಅಂದರೆ ಕಂದಾಯದ, ಲೆಕ್ಕ ಇನ್ನೂ ತೊಡಕಿನದು, ಯಾಕೆಂದರೆ 1957ರ ಏಪ್ರಿಲ್ 1ರವರೆಗೆ ಅದು ರೂಪಾಯಿ, ಆಣೆ, ಪೈಯಲ್ಲಿತ್ತು. ಹೊಲದ ಪಾಲನ್ನು ಗುರುತಿಸುವ ಹಿಸ್ಸಾ ನಂಬರಿನ ಕಥೆ ಬೇರೆ: 3/4 ಎಂದು ಟೈಪ್ ಮಾಡಿದರೆ ಎಕ್ಸೆಲ್ ಅದನ್ನು ತಾರೀಖೆಂದು ತಿದ್ದಿಬಿಡುತ್ತದೆ. ಪಹಣಿಗಳನ್ನು ಕಂಪ್ಯೂಟರಿನಲ್ಲಿಡುವ ‘ಭೂಮಿ’ ತಂತ್ರಾಂಶದಲ್ಲಿ ಸರ್ವೆ ನಂಬರು, ಸರ್‌ನೋಕ್ (ಸರ್ವೆ ನಂಬರಿನ ಉಪಗುರುತು), ಹಿಸ್ಸಾ ಮೂರಕ್ಕೂ ಬೇರೆಬೇರೆ ಅಂಕಣ ಇರುವುದರಿಂದ ಅಲ್ಲಿ ಈ ಗೊಂದಲಕ್ಕೆ ಎಡೆಯಿಲ್ಲ. ಅಂಕಿಯಂತೆ ಕಾಣುವುದೆಲ್ಲ ಲೆಕ್ಕ ಮಾಡುವ ಅಂಕಿಯಲ್ಲ. ಹಿಸ್ಸಾ ನಂಬರನ್ನು ಯಾರೂ ಕೂಡಿಸುವುದಿಲ್ಲ, ಹಾಗಾಗಿ ಅದನ್ನು ಪಠ್ಯವಾಗಿಯೇ ಓದಬೇಕು.

1956ರ ನವೆಂಬರ್ 1ರಂದು ಚಿಕ್ಕೋಡಿ ಮೈಸೂರು ರಾಜ್ಯಕ್ಕೆ ಬಂತು. ಮುಂಬಯಿ, ಹೈದರಾಬಾದ್, ಮದ್ರಾಸ್, ಕೊಡಗು, ಹಳೆಯ ಮೈಸೂರುಗಳ ಐದು ಬಗೆಯ ಕಂದಾಯ ಕಾನೂನುಗಳು 1964ರ ಕಾಯ್ದೆಯಲ್ಲಿ ಒಂದಾದವು. ಮುಂದೆ ಸುಮಾರು 9,000 ಗ್ರಾಮಲೆಕ್ಕಿಗರ ಕೈಯಲ್ಲಿದ್ದ, 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳು ಭೂಮಿ ಯೋಜನೆಯಡಿ ಕಂಪ್ಯೂಟರಿಗೆ ಏರಿದವು. 2001ರ ಹೊತ್ತಿಗೆ 15 ರೂಪಾಯಿಗೆ ಮುದ್ರಿತ ಉತಾರ ತಾಲ್ಲೂಕು ಕಚೇರಿಯಲ್ಲಿ ಸಿಗತೊಡಗಿತು, ಕೈಬರಹದ ಪಹಣಿಯ ಮಾನ್ಯತೆ ಹೋಯಿತು. ಕಂಪ್ಯೂಟರ್ ಬಂದ ಮೇಲೆ ಹಳೆಯ ಲೆಕ್ಕದಿಂದ ಕಲಿಯುವುದೇನಿದೆ ಎನ್ನುವವರು ಈ ವರ್ಷವನ್ನು ಚರಿತ್ರೆಯ ಗೆರೆಯೆಂದು ತೋರಿಸುತ್ತಾರೆ. ಯೋಜನೆಯ ಒಳಗುಟ್ಟು ಬೇರೆಯನ್ನೇ ಹೇಳುತ್ತದೆ. ಅದು ಬದಲಾವಣೆಯ ರಜಿಸ್ಟರನ್ನು ಕೈಬಿಡಲಿಲ್ಲ, ಗಣಕಕ್ಕೆ ತಂದಿತು. ನೋಟಿಸನ್ನೂ ತಕರಾರಿನ ಅವಧಿಯನ್ನೂ ಉಳಿಸಿಕೊಂಡಿತು. ಬದಲಾಯಿಸುವ ಅಧಿಕಾರಿಯ ಬೆರಳಚ್ಚು ಕೇಳಿತು. ಯೋಜನೆ ಗೆದ್ದದ್ದು ಹಳೆಯ ಶಿಸ್ತನ್ನು ಹೊತ್ತು ತಂದದ್ದರಿಂದ; ತೊಂದರೆ ಕೊಟ್ಟದ್ದು ಹಳೆಯ ತಪ್ಪುಗಳನ್ನೂ ಹಾಗೆಯೇ ಹೊತ್ತು ತಂದದ್ದರಿಂದ. ಕಾಗದದಲ್ಲಿದ್ದ ಒಂದು ಕಾಗುಣಿತದ ದೋಷ ಕಂಪ್ಯೂಟರಿನಲ್ಲಿ ಕಾನೂನಿನ ಹೆಸರಾಯಿತು, ಅದನ್ನು ತಿದ್ದಿಸಲು ರೈತ ಅರ್ಜಿ ಹಿಡಿದು ಕಚೇರಿಗೆ ಅಲೆಯಬೇಕಾಯಿತು.

ಲಿಪಿಯ ಪ್ರಶ್ನೆ ಗಡಿಸೀಮೆಯಲ್ಲಿ ಎಲ್ಲಕ್ಕಿಂತ ಕಠಿಣ. ಮೋಡಿ ಓದಬಲ್ಲವರು ಇಂದು ವಿರಳ. ಅಜ್ಜಂದಿರ ಕಾಗದ ಮನೆಯಲ್ಲಿದ್ದರೂ ಮೊಮ್ಮಕ್ಕಳಿಗೆ ಅದು ಮುಚ್ಚಿದ ಬಾಗಿಲು. ಕಂಪ್ಯೂಟರ್ ಕಾಲದಲ್ಲೂ ಇದೇ ಮರುಕಳಿಸಿತು: ನುಡಿ ಮೊದಲಾದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕನ್ನಡ, ಆ ಫಾಂಟ್ ಇಲ್ಲದ ಯಂತ್ರದಲ್ಲಿ ಇಂಗ್ಲಿಷ್ ಅಕ್ಷರಗಳ ಅರ್ಥಹೀನ ಸಾಲಾಗಿ ಕಾಣುತ್ತದೆ. ಯುನಿಕೋಡ್ 1991ರಲ್ಲಿ ತನ್ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಕೊಟ್ಟಿತು. ಪೈಥಾನ್ ಮೊದಲು ಹೊರಬಂದದ್ದೂ ಅದೇ ವರ್ಷ. ಮೋಡಿಗೆ ಜಾಗ ಸಿಕ್ಕಿದ್ದು 2014ರಲ್ಲಿ. ಯಾವ ಸಂಕೇತದಲ್ಲಿ ಬರೆದಿದೆಯೆಂದು ತಿಳಿಯದೆ ಫೈಲ್ ಓದಲಾಗದು, ಅದಕ್ಕೇ ಫೈಲ್ ತೆರೆಯುವಾಗ ಯುಟಿಎಫ್-8 ಎಂದು ಹೇಳಬೇಕೆಂಬ ಪಾಠ. ಏಕಸಂಬಿ ಎಂದು ಬರೆದು ಉದ್ದ ಕೇಳಿದರೆ ಪೈಥಾನ್ 6 ಎನ್ನುತ್ತದೆ, ನಾವು ಓದುವುದು 4 ಅಕ್ಷರ, ಫೈಲಿನಲ್ಲಿ ಅದು ಹಿಡಿಯುವುದು 18 ಬೈಟ್. ಸೊನ್ನೆಯನ್ನೂ ಗುಡಿಸನ್ನೂ ಯಂತ್ರ ಬೇರೆ ಎಣಿಸುತ್ತದೆಂದು ಅರಿಯದವರು ಹೆಸರುಗಳನ್ನು ಇಷ್ಟೇ ಉದ್ದವೆಂದು ಕತ್ತರಿಸಿ ಕೆಡಿಸುತ್ತಾರೆ.

ಮೊದಲ ಪಾಠಕ್ಕೆ ಇಷ್ಟು ಭಾರ ಯಾಕೆ, ಹಣ್ಣಿನ ಹೆಸರು, ವಿದ್ಯಾರ್ಥಿಗಳ ಅಂಕದ ಪಟ್ಟಿ ಸಾಲದೇ ಎಂದು ಕಲಿಸುವವರು ಕೇಳಬಹುದು. ವಾಕ್ಯರಚನೆ ಕಲಿಯಲು ಅಷ್ಟು ಸಾಕು. ಆದರೆ ಆ ಪಟ್ಟಿಗಳಲ್ಲಿ ಏನು ಅಳಿದರೂ ಯಾರಿಗೂ ನಷ್ಟವಿಲ್ಲ. ಎಚ್ಚರ ಹುಟ್ಟುವುದು ನಷ್ಟದ ಅರಿವಿನಿಂದ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಾಲೇಜುಗಳಲ್ಲಿ ಕಲಿಯುವ ಬಹಳಷ್ಟು ಮಕ್ಕಳ ಮನೆಯಲ್ಲಿ ಒಂದು ಉತಾರವಾದರೂ ಇರುತ್ತದೆ. ಹೆಸರುಗಳನ್ನು ಬದಲಿಸಿ, ಅದರ ಕಾಲಂಗಳನ್ನೇ ಮೊದಲ ಅಭ್ಯಾಸದ ಫೈಲ್ ಮಾಡಬೇಕೆಂದು ಅಧ್ಯಾಪಕರಲ್ಲಿ ಕೇಳಿಕೊಳ್ಳುತ್ತೇನೆ. ಮನೆಯಲ್ಲಿ ಮೋಡಿ ಕಾಗದಗಳಿರುವವರಲ್ಲಿ ಇನ್ನೊಂದು ವಿನಂತಿ: ಅವನ್ನು ರದ್ದಿಗೆ ಹಾಕಬೇಡಿ. ಓದಬಲ್ಲ ಹಿರಿಯರು ಇರುವಾಗಲೇ ಓದಿಸಿ, ಹಾಳೆಹಾಳೆಯ ಚಿತ್ರ ತೆಗೆದು, ಊರು, ಸರ್ವೆ ನಂಬರು, ಇಸವಿಗಳನ್ನು ಯುನಿಕೋಡ್ ಕನ್ನಡದಲ್ಲಿ ಬರೆದಿಡಿ. ಮೂಲ ಕಾಗದವನ್ನೂ ಕಾಪಾಡಿ.